ನಾಳದ ಗೋಡೆಯೇ ನೀರಗಂಟಿ: ರಕ್ತ ಎಲ್ಲಿ ಹರಿಯಬೇಕು, ಎಲ್ಲಿ ಹೆಪ್ಪುಗಟ್ಟಬೇಕು?

ಕೊಳಕುಮಂಡಲ ಕಚ್ಚಿದವರನ್ನು ಆಸ್ಪತ್ರೆಗೆ ತಂದಾಗ ಮೊದಲು ಮಾಡುವ ಪರೀಕ್ಷೆಗೆ ಯಾವ ಯಂತ್ರವೂ ಬೇಡ. 2 ಮಿ.ಲೀ. ರಕ್ತ ತೆಗೆದು ಹೊಸದಾದ, ಒಣಗಿದ ಗಾಜಿನ ಕೊಳವೆಗೆ ಬಿಟ್ಟು, ಅಲುಗಿಸದೆ 20 ನಿಮಿಷ ನಿಲ್ಲಿಸುತ್ತಾರೆ. ಆಮೇಲೆ ಕೊಳವೆಯನ್ನು ಒಮ್ಮೆ ಓರೆ ಮಾಡಿ ನೋಡುತ್ತಾರೆ. ರಕ್ತ ಗಟ್ಟಿಯಾಗಿ ನಿಂತಿದ್ದರೆ ಸದ್ಯಕ್ಕೆ ನಿರಾಳ, ಆದರೂ ಮತ್ತೆ ಮತ್ತೆ ಪರೀಕ್ಷೆ ಮಾಡಬೇಕು. ನೀರಿನಂತೆ ಜಾರಿದರೆ ಹೆಪ್ಪುಗಟ್ಟಿಸುವ ಅಂಶಗಳನ್ನು ವಿಷ ತಿಂದು ಮುಗಿಸಿದೆ ಎಂದರ್ಥ, ಪ್ರತಿವಿಷ ಶುರು ಮಾಡಬೇಕು. ಈ ಸರಳ ಪರೀಕ್ಷೆಯೂ ಕೆಡುತ್ತದೆ. ಸೋಪಿನ ಪುಡಿ ಹಾಕಿ ತೊಳೆದ ಹಳೆಯ ಕೊಳವೆಯಲ್ಲೋ ಪ್ಲಾಸ್ಟಿಕ್ ಕೊಳವೆಯಲ್ಲೋ ಬಿಟ್ಟರೆ ಆರೋಗ್ಯವಂತರ ರಕ್ತವೂ ತಡವಾಗಿ ಹೆಪ್ಪುಗಟ್ಟುತ್ತದೆ. ಆಗ ವಿಷವೇರದವರಿಗೂ ಪ್ರತಿವಿಷ ಏರಿಸಿಬಿಡುವ ಅಪಾಯವಿದೆ. ಇದಕ್ಕೆ ಕಾರಣ ಗಾಜಿನ ಮೇಲ್ಮೈಯಲ್ಲಿರುವ ಋಣ ವಿದ್ಯುದಂಶ. ರಕ್ತದಲ್ಲಿ ಸುಮ್ಮನೆ ತೇಲುತ್ತಿರುವ ಫ್ಯಾಕ್ಟರ್ 12 ಎಂಬ ಪ್ರೋಟೀನನ್ನು ಕೆರಳಿಸಿ ಹೆಪ್ಪುಗಟ್ಟುವ ಸರಪಳಿಗೆ ಚಾಲನೆ ಕೊಡುವುದು ಅದೇ.

ಹೀಗಾಗಿ ಆ 20 ನಿಮಿಷದ ಫಲಿತಾಂಶದಲ್ಲಿ ರಕ್ತದ ಪಾಲು ಎಷ್ಟಿದೆಯೋ ರಕ್ತ ತಾಗಿದ ಗೋಡೆಯ ಪಾಲೂ ಅಷ್ಟೇ ಇದೆ. 19ನೇ ಶತಮಾನದ ಮಧ್ಯಭಾಗದಲ್ಲೇ ಇದು ಕೆಲವರ ಗಮನಕ್ಕೆ ಬಂದಿತ್ತು. ಎರ್ನ್‌ಸ್ಟ್ ಬ್ರೂಕೆ ಆಮೆಯ ಹೃದಯದೊಳಗೆ ಉಳಿದ ರಕ್ತ ಬಹಳ ಹೊತ್ತು ದ್ರವವಾಗಿಯೇ ಇರುವುದನ್ನು ಕಂಡರು. ಶಸ್ತ್ರಚಿಕಿತ್ಸೆಗೆ ನಂಜುನಿರೋಧಕ ತಂದ ಜೋಸೆಫ್ ಲಿಸ್ಟರ್, 1863ರ ಉಪನ್ಯಾಸವೊಂದರಲ್ಲಿ, ಪ್ರಾಣಿಯ ಕತ್ತಿನ ಅಭಿಧಮನಿಯನ್ನು ರಕ್ತ ಸಮೇತ ಕಟ್ಟಿ ತೆಗೆದರೆ ಒಳಗಿನ ರಕ್ತ ಗಂಟೆಗಟ್ಟಲೆ ಹೆಪ್ಪುಗಟ್ಟುವುದಿಲ್ಲ ಎಂದು ವಿವರಿಸಿದರು. ಅದೇ ರಕ್ತವನ್ನು ಹೊರಗಿನ ಪಾತ್ರೆಗೆ ಸುರಿದರೆ ಕೆಲವೇ ನಿಮಿಷದಲ್ಲಿ ಗಡ್ಡೆ. ನಾಳದ ಒಳಮೈಯಲ್ಲಿ ಏನೋ ಇದೆ ಎಂಬ ಗುಮಾನಿ ಅಲ್ಲಿಂದಲೇ ಬಂದದ್ದು. ಆ 'ಏನೋ' ಏನೆಂದು ತಿಳಿಯಲು ಮಾತ್ರ ಇನ್ನೂ ನೂರು ವರ್ಷ ಬೇಕಾಯಿತು.

ರಕ್ತನಾಳಗಳ ಒಳಮೈಗೆ ಒಂದೇ ಒಂದು ಸಾಲು ಜೀವಕೋಶಗಳ ಹಾಸು ಇದೆ. ಹೆಸರು ಎಂಡೋಥೀಲಿಯಂ. ಹೃದಯದ ಕೋಣೆಗಳಿಂದ ಹಿಡಿದು ಕೆಂಪು ರಕ್ತಕಣ ಮೈ ಹಿಂಡಿಕೊಂಡು ಸಾಗುವ ಲೋಮನಾಳದವರೆಗೆ ಈ ಹಾಸು ಎಲ್ಲೂ ತಪ್ಪುವುದಿಲ್ಲ. ಇದನ್ನು ಕೊಳಾಯಿಯ ಒಳಗಿನ ಲೇಪದಂತೆ ಭಾವಿಸುವುದೇ ಮೊದಲ ತಪ್ಪು. (ವಾಟ್ಸ್‌ಆ್ಯಪಿನಲ್ಲಿ ಓಡಾಡುವ 'ನಾಳ ಕ್ಲೀನ್ ಮಾಡುವ ಕಷಾಯ'ಗಳ ಹಿಂದಿರುವುದೂ ಇದೇ ಕಲ್ಪನೆ, ಉಜ್ಜಿ ತೊಳೆಯಲು ಇದು ಚರಂಡಿ ಪೈಪಲ್ಲ.) ನಾಲೆಯ ಹೋಲಿಕೆ ಬೇಕೇ ಬೇಕೆಂದರೆ ಈ ಪದರವನ್ನು ನಾಲೆಯ ಗಾರೆ ಎನ್ನದೆ ತೂಬು ತೂಬಿಗೂ ನಿಂತ ನೀರಗಂಟಿ ಎನ್ನಬೇಕು. ಎಲ್ಲಿ ಹರಿಯಬಿಡಬೇಕು, ಎಲ್ಲಿ ಕಟ್ಟೆ ಹಾಕಬೇಕು ಎಂಬುದು ಅಲ್ಲಲ್ಲೇ, ಆಯಾ ಕ್ಷಣಕ್ಕೇ ತೀರ್ಮಾನವಾಗುತ್ತದೆ.

ಗೋಡೆಯ ಬ್ರೇಕುಗಳು

ಮೊದಲು ಒಂದು ಸಣ್ಣ ಲೆಕ್ಕ. ಕೊಳವೆಯಾಕಾರದ ನಾಳದಲ್ಲಿ ಒಂದು ಮಿ.ಲೀ. ರಕ್ತಕ್ಕೆ ತಾಗುವ ಗೋಡೆಯ ವಿಸ್ತಾರ ಬೇಕಾದರೆ 4ನ್ನು ನಾಳದ ವ್ಯಾಸದಿಂದ ಭಾಗಿಸಬೇಕು. ಎರಡೂವರೆ ಸೆಂ.ಮೀ. ಅಗಲದ ಮಹಾಪಧಮನಿಯಲ್ಲಿ ಇದು ಒಂದೂವರೆ ಚದರ ಸೆಂ.ಮೀ. ಆಸುಪಾಸು. 8 ಮೈಕ್ರೋಮೀಟರ್ ಅಗಲದ ಲೋಮನಾಳದಲ್ಲಿ 5,000 ಚದರ ಸೆಂ.ಮೀ., ಎಂದರೆ ಬಿಡಿಸಿಟ್ಟ ದಿನಪತ್ರಿಕೆಗಿಂತ ತುಸು ಹೆಚ್ಚು. ಒಂದು ಚಮಚದಲ್ಲಿ ಹಿಡಿಯುವ ರಕ್ತದ ಐದನೇ ಒಂದು ಭಾಗಕ್ಕೆ ಇಷ್ಟು ದೊಡ್ಡ ಗೋಡೆ. ಹೀಗಿರುವಾಗ ಗೋಡೆಗೆ ಅಂಟಿದ ಯಾವುದೇ ಅಣು ದೊಡ್ಡ ನಾಳದಲ್ಲಿ ಲೆಕ್ಕಕ್ಕಿಲ್ಲದಿದ್ದರೂ ಲೋಮನಾಳದಲ್ಲಿ ಯಜಮಾನನಾಗುತ್ತದೆ.

ಅಂಥ ಅಣುಗಳಲ್ಲಿ ಥ್ರಾಂಬೊಮಾಡ್ಯುಲಿನ್ ಅತ್ಯಂತ ಜಾಣತನದ್ದು. ಹೆಪ್ಪುಗಟ್ಟಿಸುವ ಮುಖ್ಯ ಕಿಣ್ವ ಥ್ರಾಂಬಿನ್. ದ್ರವರೂಪದ ಫೈಬ್ರಿನೊಜೆನ್ನನ್ನು ಕತ್ತರಿಸಿ ಫೈಬ್ರಿನ್ ಎಂಬ ನಾರಿನ ಬಲೆ ಹೆಣೆಯುವುದು, ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವುದು ಇದರ ಕೆಲಸ. ಲೋಮನಾಳದ ಗೋಡೆಗೆ ಬಂದ ಥ್ರಾಂಬಿನ್ನನ್ನು ಥ್ರಾಂಬೊಮಾಡ್ಯುಲಿನ್ ಹಿಡಿದುಕೊಂಡ ಕೂಡಲೇ ಅದರ ಬುದ್ಧಿಯೇ ಬದಲಾಗುತ್ತದೆ. ಅದು ಫೈಬ್ರಿನೊಜೆನ್ ಬಿಟ್ಟು 'ಪ್ರೋಟೀನ್ ಸಿ'ಯನ್ನು ಕತ್ತರಿಸತೊಡಗುತ್ತದೆ, ಅದೂ ಮೊದಲಿಗಿಂತ ಸುಮಾರು ಸಾವಿರ ಪಟ್ಟು ವೇಗವಾಗಿ. ಹೀಗೆ ಚುರುಕಾದ ಪ್ರೋಟೀನ್ ಸಿ ಥ್ರಾಂಬಿನ್ ತಯಾರಿಕೆಗೆ ಬೇಕಾದ ಫ್ಯಾಕ್ಟರ್ 5 ಮತ್ತು 8ನ್ನು ತುಂಡು ಮಾಡುತ್ತದೆ. ಕಳ್ಳನ ಕೈಗೇ ಕೋಲು ಕೊಟ್ಟು ಕಾವಲಿಗೆ ನಿಲ್ಲಿಸಿದ ಹಾಗೆ. ಚಾರ್ಲ್ಸ್ ಎಸ್ಮನ್ ಮತ್ತು ವೈಟ್ ಓವೆನ್ 1981ರಲ್ಲಿ ಈ ವ್ಯವಸ್ಥೆಯನ್ನು ತೋರಿಸಿಕೊಟ್ಟರು.

ಉಳಿದ ಬ್ರೇಕುಗಳನ್ನು ಬೇಗ ನೋಡಿಬಿಡೋಣ. ಜೀವಕೋಶದ ಮೇಲೆ ಪಾಚಿಯಂತೆ ಹಬ್ಬಿದ ಸಕ್ಕರೆಯ ಪೊದೆಯಲ್ಲಿ ಹೆಪರಾನ್ ಸಲ್ಫೇಟ್ ಇದೆ. ಅದು ಥ್ರಾಂಬಿನ್ನನ್ನು ಅಡಗಿಸುವ ಆಂಟಿಥ್ರಾಂಬಿನ್ ಎಂಬ ರಕ್ತದ ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಆಸ್ಪತ್ರೆಯಲ್ಲಿ ಚುಚ್ಚುವ ಹೆಪರಿನ್ ಮಾಡುವುದೂ ಇದೇ ಕೆಲಸ. ಟಿಎಫ್‌ಪಿಐ ಎಂಬ ಇನ್ನೊಂದು ಪ್ರೋಟೀನ್ ಸರಪಳಿಯ ಮೊದಲ ಕೊಂಡಿಯನ್ನೇ ಅದುಮಿ ಹಿಡಿಯುತ್ತದೆ, ಇದರ ಹೆಸರು ಮುಂದೆ ಮತ್ತೆ ಬರುತ್ತದೆ. ಪ್ಲೇಟ್‌ಲೆಟ್‌ಗಳು ಗೋಡೆಗೆ ಅಂಟದಂತೆ ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಾಸೈಕ್ಲಿನ್ ನೋಡಿಕೊಳ್ಳುತ್ತವೆ. ಪ್ರೊಸ್ಟಾಸೈಕ್ಲಿನ್ 1976ರಲ್ಲಿ ಸಿಕ್ಕಿತು. ನೈಟ್ರಿಕ್ ಆಕ್ಸೈಡ್ ಕಥೆ ಶುರುವಾದದ್ದು 1980ರಲ್ಲಿ: ಮೊಲದ ಮಹಾಪಧಮನಿಯ ಒಳಪದರ ಪ್ರಯೋಗಾಲಯದಲ್ಲಿ ತಿಳಿಯದೆ ಉಜ್ಜಿಹೋಗಿದ್ದ ತುಂಡುಗಳು ಔಷಧಕ್ಕೆ ಸಡಿಲಗೊಳ್ಳುತ್ತಿರಲಿಲ್ಲ, ಪದರ ಉಳಿದಿದ್ದವು ಸಡಿಲಗೊಳ್ಳುತ್ತಿದ್ದವು. ರಾಬರ್ಟ್ ಫರ್ಚ್‌ಗಾಟ್ ಇದನ್ನು ಗಮನಿಸಿದರು. 1998ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು.

ಇನ್ನು ಅದೇ ಕೋಶದ ಇನ್ನೊಂದು ಮುಖ. 1964ರಲ್ಲಿ ಎವಾಲ್ಡ್ ವೈಬೆಲ್ ಮತ್ತು ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಕೋಶಗಳೊಳಗೆ ಸಣ್ಣ ಸಣ್ಣ ಕಡ್ಡಿಯಾಕಾರದ ಚೀಲಗಳನ್ನು ಕಂಡರು. ಅವುಗಳಲ್ಲಿ ಸುರುಳಿ ಸುತ್ತಿಟ್ಟಿರುವುದು ಫಾನ್ ವಿಲೆಬ್ರಾಂಡ್ ಅಂಶ ಎಂಬ ಉದ್ದನೆಯ ಪ್ರೋಟೀನ್. ಗಾಯವಾಯಿತೋ, ಸೋಂಕು ತಗುಲಿತೋ, ಚೀಲ ಒಡೆದು ಈ ದಾರ ಹೊರಬರುತ್ತದೆ. ರಭಸದಿಂದ ಹರಿಯುವ ರಕ್ತದಲ್ಲಿ ಅದು ಎಳೆಬಿಚ್ಚಿಕೊಂಡು, ಗಾಳಕ್ಕೆ ಮೀನು ಸಿಕ್ಕಿದಂತೆ ಪ್ಲೇಟ್‌ಲೆಟ್‌ಗಳನ್ನು ಹಿಡಿಯುತ್ತದೆ. ಜೊತೆಗೆ ಪಿ-ಸೆಲೆಕ್ಟಿನ್ ಎಂಬ ಅಂಟು ಮೇಲ್ಮೈಗೆ ಬಂದು ಬಿಳಿ ರಕ್ತಕಣಗಳನ್ನು ಎಳೆದುಕೊಳ್ಳುತ್ತದೆ. ಬ್ರೇಕೂ ವೇಗವರ್ಧಕವೂ ಒಂದೇ ಚಾಲಕನ ಕಾಲಡಿ ಇರುವುದರಿಂದ ಚಿಕಿತ್ಸೆ ಇಷ್ಟು ಜಟಿಲ.

ಎಲ್ಲ ಊರಿಗೂ ಒಂದೇ ಕಾನೂನಿಲ್ಲ

ಪ್ರೋಟೀನ್ ಸಿ ಹುಟ್ಟಿನಿಂದಲೇ ಕಡಿಮೆ ಇರುವವರಿಗೆ ಹೆಪ್ಪುಗಟ್ಟುವುದು ಹೆಚ್ಚಾಗಿ ಕಾಲಿನ ಆಳದ ಅಭಿಧಮನಿಗಳಲ್ಲಿ. ರಕ್ತದ ಒಂದು ಕಿಣ್ವ ಇಲ್ಲವಾಗುವ ಟಿಟಿಪಿ ಎಂಬ ಕಾಯಿಲೆಯಲ್ಲಿ ಮಿದುಳು, ಹೃದಯ, ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿ. ಕೊರತೆ ಮೈಯಲ್ಲಿ ಹರಿಯುವ ಅಷ್ಟೂ ರಕ್ತದ್ದು, ಹೆಪ್ಪು ಮಾತ್ರ ಕೆಲವೇ ಜಾಗಗಳಲ್ಲಿ. ಪ್ರತಿ ಅಂಗದ ಒಳಪದರ ತನ್ನದೇ ಪ್ರಮಾಣದಲ್ಲಿ ಬ್ರೇಕು, ವೇಗವರ್ಧಕಗಳನ್ನು ಇಟ್ಟುಕೊಂಡಿರುವುದು ಇದಕ್ಕೆ ಕಾರಣ.

ಕಾಲಿನ ಅಭಿಧಮನಿಯ ಕವಾಟಗಳ ಹಿಂದಿನ ಜೇಬನ್ನೇ ನೋಡಿ. ಅಲ್ಲಿ ರಕ್ತ ಸುಳಿಯಾಗಿ ಮಂದವಾಗಿ ತಿರುಗುತ್ತದೆ, ಆಮ್ಲಜನಕ ಕಡಿಮೆ. ಮೀನಖಂಡದ ಸ್ನಾಯು ಹಿಂಡಿದಾಗಲೆಲ್ಲ ಆ ಜೇಬು ಖಾಲಿಯಾಗುತ್ತದೆ. ಬಸ್ಸಿನಲ್ಲಿ ರಾತ್ರಿಯಿಡೀ ಕಾಲು ಮಡಚಿ ಕೂತರೆ, ಭಾರತದಿಂದ ಅಮೆರಿಕಕ್ಕೆ 15-16 ತಾಸಿನ ವಿಮಾನದಲ್ಲಿ ಕಿಟಕಿ ಪಕ್ಕ ಸಿಕ್ಕಿಬಿದ್ದರೆ, ಹಿಂಡುವವರಿಲ್ಲ. ಆಮ್ಲಜನಕ ಇಳಿದಂತೆ ಅಲ್ಲಿನ ಕೋಶಗಳು ಚೀಲ ಬಿಚ್ಚತೊಡಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಅಧ್ಯಯನದ ಪ್ರಕಾರ 4 ಗಂಟೆಗೂ ಮೀರಿ ಕೂತು ಪ್ರಯಾಣಿಸಿದರೆ ಅಪಾಯ ಸುಮಾರು ಎರಡು ಪಟ್ಟು, ಅದು ವಿಮಾನವಾದರೂ ರೈಲಾದರೂ. ಆರೋಗ್ಯವಂತರಲ್ಲಿ ಒಟ್ಟು ಅಪಾಯ 6,000ಕ್ಕೆ ಒಬ್ಬರಷ್ಟು, ಆದ್ದರಿಂದ ಎಲ್ಲರೂ ಮಾತ್ರೆ ನುಂಗಿ ಹೊರಡಬೇಕಾಗಿಲ್ಲ. ಗಂಟೆಗೊಮ್ಮೆ ಎದ್ದು ನಡೆದರೆ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿದರೆ ಬಹುತೇಕರಿಗೆ ಸಾಕು. ಈಚೆಗೆ ಸೊಂಟ, ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರು, ಈಸ್ಟ್ರೊಜೆನ್ ಇರುವ ಮಾತ್ರೆ ತೆಗೆದುಕೊಳ್ಳುವವರು, ಹಿಂದೊಮ್ಮೆ ಹೆಪ್ಪುಗಟ್ಟಿದ್ದವರು, ಕ್ಯಾನ್ಸರ್ ಇರುವವರು ಹೊರಡುವ ಮುಂಚೆ ವೈದ್ಯರನ್ನು ಕೇಳಬೇಕು.

ಸದ್ಯ ಕೈಯಲ್ಲಿರುವ 'ರಕ್ತ ತೆಳು ಮಾಡುವ ಮಾತ್ರೆ'ಗಳು (ರಕ್ತವೇನೂ ತೆಳುವಾಗುವುದಿಲ್ಲ, ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಅಷ್ಟೇ) ಇಡೀ ದೇಹದ ರಕ್ತದ ಮೇಲೆ ಒಂದೇ ಸಮ ಕೆಲಸ ಮಾಡುತ್ತವೆ. ತಪ್ಪು ಮಾಡಿದ್ದು ಕಾಲಿನ ಒಂದು ಕವಾಟದ ಜೇಬು, ದಂಡ ತೆರುವುದು ಜಠರದ ಹುಣ್ಣು, ಮಿದುಳಿನ ಸಣ್ಣ ನಾಳ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ರಕ್ತಸ್ರಾವದ ಭಯ ಈ ಮಾತ್ರೆಗಳ ಬೆನ್ನು ಬಿಡದಿರುವುದು ಅದಕ್ಕೇ.

ಆಸ್ಪಿರಿನ್ ಇದಕ್ಕೆ ಭಾಗಶಃ ಹೊರತು, ಅದೂ ಒಂದು ಅದೃಷ್ಟದಿಂದ. ಅದು ಸೈಕ್ಲೊ-ಆಕ್ಸಿಜಿನೇಸ್ ಎಂಬ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಹೊಸ ಕಿಣ್ವ ಮಾಡಿಕೊಳ್ಳಲಾರದು. ಬದುಕಿರುವ ಎಂಟು ಹತ್ತು ದಿನವೂ ಥ್ರಾಂಬಾಕ್ಸೇನ್ ಎಂಬ ಅಂಟಿಸುವ ರಾಸಾಯನಿಕ ತಯಾರಿಸಲು ಅದಕ್ಕಾಗುವುದಿಲ್ಲ. ಒಳಪದರದ ಕೋಶಕ್ಕೆ ಕೇಂದ್ರವಿದೆ, ಕೆಲವೇ ಗಂಟೆಯಲ್ಲಿ ಹೊಸ ಕಿಣ್ವ ತಯಾರಿಸಿ ಪ್ರೊಸ್ಟಾಸೈಕ್ಲಿನ್ ಸುರಿಸತೊಡಗುತ್ತದೆ. ದಿನಕ್ಕೆ 75 ಮಿ.ಗ್ರಾಂ. ಸಾಕಾಗುವುದೂ, ಹೆಚ್ಚು ನುಂಗಿದರೆ ಹೆಚ್ಚು ಲಾಭ ಸಿಗದಿರುವುದೂ ಇದರಿಂದಲೇ.

ಈ ಸಮತೋಲವನ್ನು ತಿರುವುಮುರುವು ಮಾಡಿದರೆ ಏನಾಗುತ್ತದೆಂದು ತೋರಿಸಿದ್ದು ರೋಫೆಕಾಕ್ಸಿಬ್. ವಯಾಕ್ಸ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಈ ಸಂಧಿನೋವಿನ ಮಾತ್ರೆ ಕಿಣ್ವದ ಎರಡನೇ ಬಗೆಯನ್ನು ಮಾತ್ರ ತಡೆಯುತ್ತಿತ್ತು. ಹೊಟ್ಟೆಗೆ ಹಿತ ಎಂಬುದೇ ಅದರ ಹೆಗ್ಗಳಿಕೆ. ಆದರೆ ನಾಳದ ಗೋಡೆ ಪ್ರೊಸ್ಟಾಸೈಕ್ಲಿನ್ ತಯಾರಿಸುವುದು ಬಹುಪಾಲು ಅದೇ ಎರಡನೇ ಬಗೆಯಿಂದ, ಪ್ಲೇಟ್‌ಲೆಟ್ ಬಳಸುವುದು ಮೊದಲನೆಯದನ್ನು. ಬ್ರೇಕು ಹೋಯಿತು, ವೇಗವರ್ಧಕ ಹಾಗೇ ಉಳಿಯಿತು. ದಿನಕ್ಕೆ 25 ಮಿ.ಗ್ರಾಂ. ಕೊಟ್ಟು ನಡೆಸಿದ ಪ್ರಯೋಗದಲ್ಲಿ ಹೃದಯಾಘಾತದಂಥ ಘಟನೆಗಳು ವರ್ಷಕ್ಕೆ ನೂರು ಜನರಲ್ಲಿ 0.78 ಇದ್ದದ್ದು 1.50ಕ್ಕೆ ಏರಿತು. 2004ರ ಸೆಪ್ಟೆಂಬರ್ 30ರಂದು ಕಂಪನಿ ಅದನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂತೆಗೆಯಿತು, ಡಿಸೆಂಬರ್‌ನಲ್ಲಿ ಭಾರತ ನಿಷೇಧಿಸಿತು.

ಸ್ಟೆಂಟಿನ ಪಾಠವೂ ಇದೇ ಜಾತಿಯದು. ಕಿರಿದಾದ ನಾಳವನ್ನು ತೆರೆದಿಡಲು ಬರಿಯ ಲೋಹದ ಸ್ಟೆಂಟ್ (ತಂತಿಯ ಜಾಲರಿ) ಹಾಕಿದರೆ ಒಂದೆರಡು ತಿಂಗಳಲ್ಲಿ ಅಕ್ಕಪಕ್ಕದ ಕೋಶಗಳು ಹರಿದುಬಂದು ತಂತಿಯನ್ನು ಮುಚ್ಚುತ್ತವೆ, ಆದರೆ ಗಾಯದ ಮಾಂಸ ಬೆಳೆದು ನಾಳ ಮತ್ತೆ ಕಿರಿದಾಗುತ್ತದೆ. ಅದನ್ನು ತಡೆಯಲು ಸ್ಟೆಂಟಿಗೆ ಸಿರೊಲಿಮಸ್ ಅಥವಾ ಪ್ಯಾಕ್ಲಿಟ್ಯಾಕ್ಸೆಲ್ ಎಂಬ, ಕೋಶ ಬೆಳೆಯದಂತೆ ತಡೆಯುವ ಔಷಧ ಬಳಿದರು. ಮಾಂಸದ ಬೆಳವಣಿಗೆ ನಿಂತಿತು, ಜೊತೆಗೆ ಒಳಪದರದ ಬೆಳವಣಿಗೆಯೂ ಕುಂಟಿತು. ತಿಂಗಳುಗಳು ಕಳೆದರೂ ಬೆತ್ತಲೆಯಾಗಿ ನಿಂತ ತಂತಿಯ ಮೇಲೆ ಏಕಾಏಕಿ ಹೆಪ್ಪುಗಟ್ಟುವ ಪ್ರಕರಣಗಳು 2006ರ ಹೊತ್ತಿಗೆ ದೊಡ್ಡ ಗದ್ದಲವೆಬ್ಬಿಸಿದವು. ಮೊದಲ ತಲೆಮಾರಿನ ತಂತಿ 130-140 ಮೈಕ್ರೋಮೀಟರ್ ದಪ್ಪವಿತ್ತು, ಈಗಿನವು 60-80ರ ಆಸುಪಾಸು. ತೆಳು ತಂತಿ ಬೇಗ ಮುಚ್ಚಿಕೊಳ್ಳುತ್ತದೆ. ಹಾಗಿದ್ದೂ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂಥ ಎರಡನೇ ಮಾತ್ರೆ ಸಾಮಾನ್ಯವಾಗಿ 6 ತಿಂಗಳು, ಹೃದಯಾಘಾತದ ನಂತರವಾದರೆ 12 ತಿಂಗಳು ಬೇಕು. ನಾಳ ತೆರೆದಿರುವುದು ಎಷ್ಟು ಮುಖ್ಯವೋ ತಂತಿಯ ಮೇಲೆ ಚರ್ಮದಂತೆ ಕೋಶ ಹಬ್ಬುವುದೂ ಅಷ್ಟೇ ಮುಖ್ಯ. ಹಲ್ಲು ಕೀಳಿಸುವ ಮುನ್ನ ರೋಗಿ ತಾನೇ ಎರಡೂ ಮಾತ್ರೆ ನಿಲ್ಲಿಸಿಬಿಡುವುದು ಇಲ್ಲಿ ಆಗುವ ದೊಡ್ಡ ಎಡವಟ್ಟು. ಹೃದ್ರೋಗ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಹಲ್ಲಿನ ರಕ್ತವನ್ನು ಒತ್ತಿಹಿಡಿದು ನಿಲ್ಲಿಸಬಹುದು, ಸ್ಟೆಂಟಿನ ಹೆಪ್ಪನ್ನು ಹಾಗೆ ನಿಲ್ಲಿಸಲಾಗದು.

ಚೀಲ ಬಿಚ್ಚಿಸುವ ಔಷಧ

ಗೋಡೆಯನ್ನೇ ಗುರಿಯಾಗಿಸಿದ ಹಳೆಯ, ಅಗ್ಗದ ಚಿಕಿತ್ಸೆ ಡೆಸ್ಮೊಪ್ರೆಸಿನ್. 1977ರಿಂದಲೂ ಬಳಕೆಯಲ್ಲಿದೆ. ಫಾನ್ ವಿಲೆಬ್ರಾಂಡ್ ಕಾಯಿಲೆಯ ಮೊದಲ ಬಗೆಯವರಲ್ಲಿ ಆ ಅಂಶ ಕಡಿಮೆ ಇರುತ್ತದೆ, ಆದರೆ ಕೋಶದ ಚೀಲಗಳಲ್ಲಿ ದಾಸ್ತಾನು ಇರುತ್ತದೆ. ಮೂಗಿನಲ್ಲಿ ಪದೇ ಪದೇ ರಕ್ತ, ನಿಲ್ಲದ ಮುಟ್ಟು, ಹಲ್ಲು ಕಿತ್ತ ಮೇಲೆ ಎರಡು ದಿನ ರಕ್ತ ಬರುವುದು ಇದರ ಲಕ್ಷಣ. ಡೆಸ್ಮೊಪ್ರೆಸಿನ್ ಕೊಟ್ಟರೆ ಕೋಶಗಳು ಚೀಲ ಬಿಚ್ಚುತ್ತವೆ, ಒಂದು ಗಂಟೆಯೊಳಗೆ ರಕ್ತದಲ್ಲಿ ಆ ಅಂಶವೂ ಫ್ಯಾಕ್ಟರ್ 8ರ ಮಟ್ಟವೂ ಎರಡರಿಂದ ಐದು ಪಟ್ಟು ಏರುತ್ತವೆ.

ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 0.3 ಮೈಕ್ರೋಗ್ರಾಂ, 50 ಮಿ.ಲೀ. ಸಲೈನಿನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ ನಿಧಾನವಾಗಿ. ಬೇಗ ಏರಿಸಿದರೆ ಮುಖ ಕೆಂಪಾಗಿ ರಕ್ತದೊತ್ತಡ ಬೀಳುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಒಮ್ಮೆ ಕೊಟ್ಟು, 1 ಗಂಟೆ ಮತ್ತು 4 ಗಂಟೆಗೆ ಮಟ್ಟ ಅಳೆದು, ಈ ರೋಗಿಯಲ್ಲಿ ಇದು ಕೆಲಸ ಮಾಡುತ್ತದೆಯೇ, ನಿಲ್ಲುತ್ತದೆಯೇ ಎಂದು ತಿಳಿದಿಟ್ಟುಕೊಳ್ಳಬೇಕು. 12-24 ಗಂಟೆಗೊಮ್ಮೆ ಕೊಡುತ್ತಾ ಹೋದರೆ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಪರಿಣಾಮ ಕುಸಿಯುತ್ತದೆ. ಔಷಧ ಹಾಳಾಗಿದೆ ಎಂದುಕೊಳ್ಳುವವರಿದ್ದಾರೆ. ಖಾಲಿಯಾಗಿರುವುದು ಕಣಜ, ಮತ್ತೆ ತುಂಬಲು ದಿನಗಳು ಬೇಕು. ಮೂತ್ರ ಕಟ್ಟಿಸುವ ಗುಣ ಇದಕ್ಕಿರುವುದರಿಂದ ಮುಂದಿನ 24 ಗಂಟೆ ನೀರು ಮಿತವಾಗಿರಬೇಕು, ಇಲ್ಲದಿದ್ದರೆ ಸೋಡಿಯಂ ಇಳಿದು ಮಕ್ಕಳಲ್ಲಿ ಫಿಟ್ಸ್ ಬರಬಹುದು. ಮೂರನೇ ಬಗೆಯ ಕಾಯಿಲೆಯಲ್ಲಿ ಚೀಲವೇ ಬರಿದು, ಕೊಟ್ಟು ಪ್ರಯೋಜನವಿಲ್ಲ. 2ಬಿ ಬಗೆಯಲ್ಲಿ ಸಾಮಾನ್ಯವಾಗಿ ಕೊಡುವುದೇ ಇಲ್ಲ, ಪ್ಲೇಟ್‌ಲೆಟ್ ಇನ್ನಷ್ಟು ಕುಸಿಯುತ್ತದೆ. ಮೂಗಿನ ಸ್ಪ್ರೇಯಲ್ಲಿ ಇನ್ನೊಂದು ಬಲೆ ಇದೆ. ಹಾಸಿಗೆಯಲ್ಲಿ ಮೂತ್ರ ಮಾಡುವ ಮಕ್ಕಳಿಗೆಂದು ಬಂದ ಸ್ಪ್ರೇಯ ಒಂದು ಸಿಂಪಡಿಕೆಯಲ್ಲಿ 10 ಮೈಕ್ರೋಗ್ರಾಂ, ರಕ್ತಸ್ರಾವಕ್ಕೆ ಬೇಕಾದ್ದು 150 ಇರುವುದು. ಹೆಸರು ಒಂದೇ ಎಂದು ಮೊದಲನೆಯದನ್ನು ಕೊಟ್ಟರೆ ರಕ್ತ ನಿಲ್ಲುವುದಿಲ್ಲ.

ದಾರ ಕತ್ತರಿಸುವ ಕತ್ತರಿ

ಇದರ ತದ್ವಿರುದ್ಧ ತುದಿಯಲ್ಲಿ ಟಿಟಿಪಿ ಇದೆ. ಗೋಡೆಯಿಂದ ಹೊರಬರುವ ಫಾನ್ ವಿಲೆಬ್ರಾಂಡ್ ದಾರವನ್ನು ತಕ್ಕ ಅಳತೆಗೆ ಕತ್ತರಿಸಲು ರಕ್ತದಲ್ಲಿ ಅಡಾಮ್‌ಟಿಎಸ್ 13 ಎಂಬ ಕಿಣ್ವವಿದೆ. ಇದರ ಮೇಲೆ ದೇಹವೇ ಪ್ರತಿಕಾಯ ತಯಾರಿಸಿಬಿಟ್ಟರೆ, ಅಥವಾ ಹುಟ್ಟಿನಿಂದಲೇ ಇಲ್ಲದಿದ್ದರೆ, ದಾರ ಉದ್ದಕ್ಕೇ ಉಳಿದು ಸೂಕ್ಷ್ಮನಾಳಗಳಲ್ಲಿ ಪ್ಲೇಟ್‌ಲೆಟ್‌ಗಳ ಗೊಂಚಲು ಕಟ್ಟುತ್ತದೆ. ಪ್ಲೇಟ್‌ಲೆಟ್ ಎಣಿಕೆ 30,000ಕ್ಕಿಂತ ಕೆಳಗಿಳಿಯುತ್ತದೆ, ಕೆಂಪು ಕಣಗಳು ಗೊಂಚಲಿಗೆ ತಗುಲಿ ಹರಿದು ಚೂರಾಗುತ್ತವೆ, ರೋಗಿ ಗೊಂದಲಗೊಂಡು ಮಾತಾಡುತ್ತಾರೆ. ಎಣಿಕೆ ಕಡಿಮೆಯಿದೆ ಎಂದು ಪ್ಲೇಟ್‌ಲೆಟ್ ಏರಿಸುವುದು ಇಲ್ಲಿ ಬೆಂಕಿಗೆ ಸೌದೆ ಹಾಕಿದಂತಾಗಬಹುದು. ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯನ್ನೇ ದೇವರು ಮಾಡಿಕೊಂಡಿರುವ ನಮ್ಮಲ್ಲಿ ಈ ತಪ್ಪು ಸುಲಭವಾಗಿ ಆಗುವಂಥದ್ದು. ರಕ್ತದ ಲೇಪನದಲ್ಲಿ ಹರಿದ ಕೆಂಪು ಕಣ ಕಂಡರೆ ಮೊದಲು ಟಿಟಿಪಿಯನ್ನು ನೆನೆಯಬೇಕು.

ಚಿಕಿತ್ಸೆಯಿಲ್ಲದೆ ಸುಮಾರು 90% ಜನ ಸಾಯುತ್ತಿದ್ದ ಕಾಯಿಲೆ ಇದು. ದಿನವೂ ರೋಗಿಯ ಪ್ಲಾಸ್ಮಾ ತೆಗೆದು ದಾನಿಗಳದ್ದನ್ನು ತುಂಬುವ ಕ್ರಮ ಬಂದ ಮೇಲೆ ಸಾವು 10-20%ಕ್ಕೆ ಇಳಿಯಿತು. ದಾರಕ್ಕೆ ಪ್ಲೇಟ್‌ಲೆಟ್ ಅಂಟದಂತೆ ತಡೆಯುವ ಕ್ಯಾಪ್ಲಾಸಿಜುಮ್ಯಾಬ್ ಯುರೋಪಿನಲ್ಲಿ 2018ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆಯಿತು. 145 ರೋಗಿಗಳ ಪ್ರಯೋಗದಲ್ಲಿ ಕಾಯಿಲೆ ಮರುಕಳಿಸುವುದು 38%ರಿಂದ 12%ಕ್ಕೆ ಇಳಿಯಿತು. ಪ್ರತಿಕಾಯವನ್ನು ಇದು ಮುಟ್ಟುವುದಿಲ್ಲ, ಅದಕ್ಕೆ ಸ್ಟೆರಾಯ್ಡ್, ರಿಟುಕ್ಸಿಮ್ಯಾಬ್ ಬೇರೆ ಬೇಕು. ಮೂಗು, ಒಸಡಿನ ರಕ್ತಸ್ರಾವ ಸಾಮಾನ್ಯ. ಹುಟ್ಟಿನಿಂದ ಕಿಣ್ವವಿಲ್ಲದವರಿಗೆ ಪ್ರಯೋಗಾಲಯದಲ್ಲಿ ತಯಾರಿಸಿದ ಅಡಾಮ್‌ಟಿಎಸ್ 13ಕ್ಕೇ 2023ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಬೆಲೆಯ ವಿಷಯಕ್ಕೆ ಬಂದರೆ ಮೂಗಿಗಿಂತ ಮೂಗುತಿ ಭಾರ.

ಸೋತ ದೊಡ್ಡ ಪಂದ್ಯ

ರಕ್ತನಂಜಿನಲ್ಲಿ ದೇಹದುದ್ದಕ್ಕೂ ಒಳಪದರ ಒಮ್ಮೆಗೇ ಪಕ್ಷ ಬದಲಿಸುತ್ತದೆ. ಥ್ರಾಂಬೊಮಾಡ್ಯುಲಿನ್ ಗೋಡೆಯಿಂದ ಕಳಚಿ ಬೀಳುತ್ತದೆ, ಸಕ್ಕರೆಯ ಪೊದೆ ಸವೆಯುತ್ತದೆ, ಸೂಕ್ಷ್ಮನಾಳಗಳಲ್ಲಿ ಹೆಪ್ಪು ಕಟ್ಟುತ್ತದೆ. ಕಳೆದುಹೋದ ಬ್ರೇಕನ್ನು ಹೊರಗಿನಿಂದ ತಂದು ಹಾಕಿದರಾಯಿತು ಎಂಬುದು ಸಹಜ ಯೋಚನೆ. ಚುರುಕುಗೊಳಿಸಿದ ಪ್ರೋಟೀನ್ ಸಿಯನ್ನು 96 ಗಂಟೆ ಕಾಲ ಹನಿಹನಿಯಾಗಿ ಕೊಟ್ಟ 1,690 ರೋಗಿಗಳ ಪ್ರಯೋಗದಲ್ಲಿ ಸಾವು 30.8%ರಿಂದ 24.7%ಕ್ಕೆ ಇಳಿದಾಗ, 2001ರಲ್ಲಿ ಕ್ಸಿಗ್ರಿಸ್ ಹೆಸರಿನ ಔಷಧ ಸಂಭ್ರಮದಿಂದ ಬಂತು. ಹತ್ತು ವರ್ಷದ ನಂತರ ಮತ್ತೊಂದು ದೊಡ್ಡ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಸಾವು 26.4%, ಪಡೆಯದವರಲ್ಲಿ 24.2%. 2011ರ ಅಕ್ಟೋಬರ್‌ನಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಥ್ರಾಂಬೊಮಾಡ್ಯುಲಿನ್ನನ್ನೇ ಔಷಧವಾಗಿಸಿದ್ದಕ್ಕೆ ಜಪಾನ್ 2008ರಲ್ಲಿ ಒಪ್ಪಿಗೆ ಕೊಟ್ಟಿತು, ಈಗಲೂ ಅಲ್ಲಿ ಬಳಕೆಯಲ್ಲಿದೆ. ಆದರೆ 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗದಲ್ಲಿ 28 ದಿನದ ಸಾವು ಔಷಧ ಪಡೆದವರಲ್ಲಿ 26.8%, ಪಡೆಯದವರಲ್ಲಿ 29.4%. ಈ ವ್ಯತ್ಯಾಸ ಆಕಸ್ಮಿಕವಲ್ಲ ಎನ್ನುವಷ್ಟು ದೊಡ್ಡದಲ್ಲ.

ಕೋವಿಡ್‌ನಲ್ಲೂ ಹೀಗೇ ಆಯಿತು. ಸತ್ತವರ ಶ್ವಾಸಕೋಶ ನೋಡಿದಾಗ ಲೋಮನಾಳದ ಸೂಕ್ಷ್ಮ ಹೆಪ್ಪುಗಳು ಇನ್‌ಫ್ಲುಯೆಂಜಾದಿಂದ ಸತ್ತವರಿಗಿಂತ 9 ಪಟ್ಟು ಹೆಚ್ಚಿದ್ದವು. ಹಾಗಾದರೆ ಎಲ್ಲರಿಗೂ ಪೂರ್ಣ ಪ್ರಮಾಣದ ಹೆಪರಿನ್ ಕೊಡೋಣ ಎಂದರು. 2021ರ ಆಗಸ್ಟ್‌ನಲ್ಲಿ ಬಂದ ಫಲಿತಾಂಶ ಕುತೂಹಲಕರ: ವಾರ್ಡಿನಲ್ಲಿದ್ದ ಮಧ್ಯಮ ಹಂತದ ರೋಗಿಗಳಿಗೆ ಲಾಭವಾಯಿತು, ಐಸಿಯುಗೆ ಹೋದವರಿಗೆ ಆಗಲಿಲ್ಲ. ಗೋಡೆ ಪೂರ್ತಿ ಕೆಟ್ಟ ಮೇಲೆ ರಕ್ತವನ್ನು ಪಳಗಿಸಿ ಫಲವಿಲ್ಲ ಎಂದು ಇದನ್ನು ಓದಬಹುದು. ಇನ್ನೊಂದು ಕಾರಣವನ್ನೂ ಮರೆಯಬಾರದು. ಸೋಂಕಿನ ಸುತ್ತ ಕಟ್ಟುವ ಸಣ್ಣ ಹೆಪ್ಪು ರೋಗಾಣು ಹರಡದಂತೆ ಹಾಕಿದ ಬೇಲಿಯೂ ಹೌದು. ರಕ್ತನಂಜು ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಹತ್ತಾರು ಬಗೆಯ ರೋಗಿಗಳಿದ್ದಾರೆ. ಎಲ್ಲರ ಬೇಲಿಯನ್ನೂ ಕಿತ್ತರೆ ಕೆಲವರಿಗೆ ಒಳಿತು, ಕೆಲವರಿಗೆ ಕೇಡು, ಸರಾಸರಿಯಲ್ಲಿ ಸೊನ್ನೆ. ಟಿಟಿಪಿಯಲ್ಲಿ ಗೆದ್ದದ್ದು ತಪ್ಪು ಯಾವ ಕೊಂಡಿಯದೆಂದು ಗೊತ್ತಿದ್ದರಿಂದ.

ಬ್ರೇಕು ಸಡಿಲಿಸುವ ಕಾಲ

ಈಗ ಅತಿ ಹೆಚ್ಚು ಚಲನೆ ಇರುವುದು ಹಿಮೋಫಿಲಿಯಾದಲ್ಲಿ, ನಮ್ಮ ಹಳೆಯ ಮಾತಿನ ಕುಸುಮರೋಗದಲ್ಲಿ. ಇಲ್ಲಿ ವೇಗವರ್ಧಕವಾದ ಫ್ಯಾಕ್ಟರ್ 8 ಅಥವಾ 9 ಇಲ್ಲ. ಇಲ್ಲದ್ದನ್ನು ತುಂಬುವ ಬದಲು ಬ್ರೇಕನ್ನೇ ಸಡಿಲಿಸಿದರೆ? ಗೋಡೆಯ ಟಿಎಫ್‌ಪಿಐಯನ್ನು ತಡೆಯುವ ಮಾರ್ಸ್ಟಾಸಿಮ್ಯಾಬ್ 2024ರ ಅಕ್ಟೋಬರ್‌ನಲ್ಲಿ, ಕಾನ್ಸಿಜುಮ್ಯಾಬ್ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಆಂಟಿಥ್ರಾಂಬಿನ್ ತಯಾರಿಕೆಯನ್ನೇ ಕುಗ್ಗಿಸುವ ಫಿಟುಸಿರಾನ್ 2025ರ ಮಾರ್ಚ್‌ನಲ್ಲಿ ಬಂತು. ಚರ್ಮದಡಿ ಚುಚ್ಚಿಕೊಂಡರಾಯಿತು, ಮಾರ್ಸ್ಟಾಸಿಮ್ಯಾಬ್ ಮೊದಲ ಸಲ 300 ಮಿ.ಗ್ರಾಂ., ಆಮೇಲೆ ವಾರಕ್ಕೆ 150. ವಾರಕ್ಕೆ ಎರಡು ಮೂರು ಸಲ ನಾಳ ಹುಡುಕಿ ಚುಚ್ಚಿಸಿಕೊಂಡ ಮಕ್ಕಳ ಪಾಲಿಗೆ ಇದು ಸಣ್ಣ ವಿಷಯವಲ್ಲ.

ಬ್ರೇಕು ಸಡಿಲವಿರುವಾಗ ಅಭ್ಯಾಸಬಲದಿಂದ ಹಳೆಯ ಪ್ರಮಾಣದ ಫ್ಯಾಕ್ಟರ್ ಏರಿಸಿಬಿಟ್ಟರೆ ಮಾತ್ರ ಗಾಡಿ ಇಳಿಜಾರಿಗೆ ಬಿದ್ದಂತೆ. ಫಿಟುಸಿರಾನ್ ಪ್ರಯೋಗ 2017ರಲ್ಲಿ ಮಿದುಳಿನ ಅಭಿಧಮನಿಯ ಹೆಪ್ಪಿನಿಂದ ಒಂದು ಸಾವಾಗಿ ನಿಂತಿತ್ತು, ಕಾನ್ಸಿಜುಮ್ಯಾಬ್ ಪ್ರಯೋಗ 2020ರಲ್ಲಿ ಮೂವರಿಗೆ ಹೆಪ್ಪುಗಟ್ಟಿ ನಿಂತಿತ್ತು. ಎರಡೂ ಪ್ರಮಾಣ ತಗ್ಗಿಸಿ, ನಡುವೆ ರಕ್ತ ಬಂದರೆ ಕೊಡುವ ಫ್ಯಾಕ್ಟರಿಗೂ ಮಿತಿ ಹಾಕಿ ಮತ್ತೆ ಹೊರಟವು. ಈ ಔಷಧದಲ್ಲಿರುವ ರೋಗಿ ಊರಿನ ಆಸ್ಪತ್ರೆಗೆ ಹೋದಾಗ ಜೇಬಿನಲ್ಲಿ ಅದರ ಚೀಟಿ ಇರಲೇಬೇಕು.

ಜೀನ್ ಚಿಕಿತ್ಸೆಯಲ್ಲೂ ಒಳಪದರದ ನೆರಳಿದೆ. ಫ್ಯಾಕ್ಟರ್ 9 ತಯಾರಾಗುವುದು ಯಕೃತ್ತಿನ ಮುಖ್ಯ ಕೋಶಗಳಲ್ಲಿ. ಫ್ಯಾಕ್ಟರ್ 8 ತಯಾರಾಗುವುದು ಬಹುಪಾಲು ಯಕೃತ್ತಿನ ಸೂಕ್ಷ್ಮನಾಳಗಳ ಒಳಪದರದಲ್ಲಿ. ವೈರಸ್ಸಿನ ಮೂಲಕ ಜೀನ್ ತಲುಪಿಸಿದಾಗ ಎರಡೂ ಹೋಗಿ ಸೇರುವುದು ಮುಖ್ಯ ಕೋಶಕ್ಕೇ. 9ರ ಮಟ್ಟ ವರ್ಷಗಟ್ಟಲೆ ನಿಲ್ಲುತ್ತಿದೆ, 8ರದ್ದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ತನ್ನದಲ್ಲದ ಕೆಲಸ ಹೊತ್ತ ಕೋಶ ದಣಿಯುತ್ತಿದೆ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲೊಂದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಅಲೋಕ್ ಶ್ರೀವಾಸ್ತವ ತಂಡ ಬೇರೆ ದಾರಿ ಹಿಡಿಯಿತು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಭಾಗವಾದ ವೆಲ್ಲೂರಿನ ಕಾಂಡಕೋಶ ಕೇಂದ್ರದಲ್ಲಿ, ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜೊತೆಗೂಡಿ, ರೋಗಿಯದೇ ರಕ್ತದ ಕಾಂಡಕೋಶಗಳಿಗೆ ಫ್ಯಾಕ್ಟರ್ 8ರ ಜೀನ್ ಸೇರಿಸಿ ಮರಳಿಸಿದರು. 2024ರ ಡಿಸೆಂಬರ್‌ನಲ್ಲಿ ವರದಿಯಾದ ಐವರಲ್ಲಿ, ಎಲ್ಲರದೂ ಸೇರಿ 81 ತಿಂಗಳ ನಿಗಾ ಅವಧಿಯಲ್ಲಿ, ರಕ್ತಸ್ರಾವವೇ ಆಗಲಿಲ್ಲ. ಐದೇ ಜನ, ಜೊತೆಗೆ ಅಸ್ಥಿಮಜ್ಜೆಯನ್ನು ಬರಿದು ಮಾಡುವ ಕಿಮೋಥೆರಪಿಯ ಬೆಲೆಯೂ ಇದೆ. ಆದರೂ ಇದು ಗಟ್ಟಿ ಹೆಜ್ಜೆ.

ಕುಡಗೋಲು ಕಣದ (ಸಿಕಲ್ ಸೆಲ್) ಕಾಯಿಲೆಯಲ್ಲಿ ಅಷ್ಟು ಅದೃಷ್ಟವಿರಲಿಲ್ಲ. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಜನರಲ್ಲೂ ಕಾಣುವ ಈ ಕಾಯಿಲೆಯ ನೋವಿಗೆ, ಪಿ-ಸೆಲೆಕ್ಟಿನ್ ಅಂಟನ್ನು ಮುಚ್ಚುವ ಕ್ರಿಜಾನ್ಲಿಜುಮ್ಯಾಬ್ 2019ರಲ್ಲಿ ಬಂತು. ಮೊದಲ ಪ್ರಯೋಗದಲ್ಲಿ ನೋವಿನ ದಾಳಿ ವರ್ಷಕ್ಕೆ 2.98ರಿಂದ 1.63ಕ್ಕೆ ಇಳಿದಿತ್ತು, ಮುಂದಿನದರಲ್ಲಿ ಆ ಲಾಭ ಕಾಣಲಿಲ್ಲ. 2023ರಲ್ಲಿ ಯುರೋಪ್ ಒಪ್ಪಿಗೆ ಹಿಂಪಡೆಯಿತು. ಅಗ್ಗದ ಹೈಡ್ರಾಕ್ಸಿಯೂರಿಯಾ ಮಾತ್ರೆಯೇ ಇಂದಿಗೂ ಆಸರೆ.

ಇಷ್ಟಾದರೂ ಗೋಡೆಯ ಸ್ಥಿತಿ ಅಳೆಯುವ ಪರೀಕ್ಷೆ ವಾರ್ಡಿನಲ್ಲಿಲ್ಲ. ಹೆಪ್ಪುಗಟ್ಟುವ ವೇಗ ನೋಡುವ ಪಿಟಿ, ಎಪಿಟಿಟಿ ಪರೀಕ್ಷೆಗೆ 0.3 ಮಿ.ಲೀ. ಸಿಟ್ರೇಟ್ ಇರುವ ಕೊಳವೆಗೆ 2.7 ಮಿ.ಲೀ. ರಕ್ತ ತುಂಬುತ್ತಾರೆ (ಗೆರೆಯವರೆಗೆ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ ಸುಳ್ಳು ಫಲಿತಾಂಶ), ಗಿರಗಿರ ತಿರುಗಿಸಿ ಕಣಗಳನ್ನೆಲ್ಲ ಬೇರ್ಪಡಿಸಿ, ಉಳಿದ ಪ್ಲಾಸ್ಮಾವನ್ನು ಪರೀಕ್ಷಿಸುತ್ತಾರೆ. ಕಾಲಿನಲ್ಲಿ ದೊಡ್ಡ ಹೆಪ್ಪಿರುವ ರೋಗಿಯ ವರದಿಯೂ 'ನಾರ್ಮಲ್' ಎಂದು ಬರುತ್ತದೆ. ಮಾನವ ಹೊಕ್ಕುಳಬಳ್ಳಿಯ ಅಭಿಧಮನಿಯಿಂದ ಈ ಕೋಶಗಳನ್ನು ತೆಗೆದು ಬೆಳೆಸಲು 1973ರಿಂದಲೂ ಗೊತ್ತಿದೆ. ಈಗ ಕೂದಲೆಳೆಯಷ್ಟು ಅಗಲದ ಕಾಲುವೆಗಳಿರುವ ಚಿಪ್‌ನ (ಸಣ್ಣ ಬಿಲ್ಲೆಯ) ಒಳಗೆ ಅವನ್ನು ಹಾಸಿ, ರಕ್ತ ಹರಿಸಿ ನೋಡುತ್ತಿದ್ದಾರೆ. ಅದು ಬರುವವರೆಗೆ ಗೋಡೆಯಿಂದ ಕಳಚಿ ರಕ್ತಕ್ಕೆ ಬಿದ್ದ ಥ್ರಾಂಬೊಮಾಡ್ಯುಲಿನ್ನನ್ನೋ ಫಾನ್ ವಿಲೆಬ್ರಾಂಡ್ ಅಂಶವನ್ನೋ ಅಳೆದು ಅಂದಾಜು ಮಾಡಬೇಕು. ಹಾಗೆ ಅಳೆದಾಗ ಸಿಗುವುದು ಇಡೀ ದೇಹದ ಒಟ್ಟು ಮೊತ್ತ. ಕಳಚಿದ್ದು ಶ್ವಾಸಕೋಶದ ಗೋಡೆಯೋ ಮೂತ್ರಪಿಂಡದ್ದೋ ಎಂಬುದನ್ನು ಮೊಣಕೈಯಿಂದ ತೆಗೆದ ರಕ್ತ ಹೇಳುವುದಿಲ್ಲ.